ಪ್ಲಗ್ ರಂಧ್ರಕ್ಕೆ ಒಂದು ಚಮಚ ಆಯಿಲ್ ಬಿಟ್ಟರೆ ದೋಣಿ ಎಂಜಿನ್‌ನ ಕಂಪ್ರೆಷನ್ ಮರಳಿ ಬರುತ್ತದೆಯೇ?

ಮಳೆಗಾಲ ಶುರುವಾದರೆ ಬಾಣಸವಾಡಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬಗೆಬಗೆಯ ‘ಉಪಯುಕ್ತ ಮಾಹಿತಿ’ ಹರಿದಾಡುತ್ತದೆ. ನಮಗೆ ಬಂದ ಅಂಥ ಒಂದು ಫಾರ್ವರ್ಡ್‌ನ ಸಾರಾಂಶ ಹೀಗಿದೆ: ದೋಣಿಯ ಮೋಟಾರ್ ಆಗಲಿ, ಬೈಕ್ ಆಗಲಿ, ಪದೇ ಪದೇ ಆಫ್ ಆಗುತ್ತಿದ್ದರೆ ಕಂಪ್ರೆಷನ್ ಹೋಗಿದೆ ಎಂದರ್ಥ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟರೆ ಸಾಕು, ಕಂಪ್ರೆಷನ್ ಮರಳಿ ಬರುತ್ತದೆ, ಮೆಕ್ಯಾನಿಕ್ ಬೇಕಿಲ್ಲ.

ಇದು ನಿಜವೇ? ಅರ್ಧ ನಿಜ. ಆಯಿಲ್ ಬಿಟ್ಟಾಗ ಕಂಪ್ರೆಷನ್ ಏರುವುದು ಹೌದು. ಆದರೆ ಅದು ರೋಗ ಪತ್ತೆಹಚ್ಚುವ ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ.

ಬೆಂಗಳೂರಿಗೆ ದೋಣಿಯ ಉಸಾಬರಿ ಯಾಕೆ ಎನ್ನಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಗಳಲ್ಲಿ ಹೊರತಂದಿದ್ದನ್ನು ನಾವೆಲ್ಲ ನೋಡಿದ್ದೇವೆ. 2025ರ ಮೇನಲ್ಲಿ ಬಾಣಸವಾಡಿಗೆ ಹತ್ತಿರದ ಹೊರಮಾವು ಸಾಯಿ ಲೇಔಟ್ ಮುಳುಗಿತ್ತು. ಕರಾವಳಿಯಲ್ಲಂತೂ ಇದು ದಿನನಿತ್ಯದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದಾಗ, ಔಟ್‌ಬೋರ್ಡ್ ಮೋಟಾರ್ ಕಟ್ಟಿಕೊಂಡ ನಾಡದೋಣಿಗಳು ಒರಟು ಸಮುದ್ರಕ್ಕೆ ಇಳಿಯುತ್ತವೆ. ಅಳಿವೆ ಬಾಗಿಲಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡಬೀಳುತ್ತದೆ. ‘ಆಯಿಲ್ ಬಿಟ್ಟಿದ್ದೇವೆ, ಸರಿಯಾಗಿದೆ’ ಎಂಬ ಧೈರ್ಯದಲ್ಲಿ ಹೊರಡುವುದು ಅಪಾಯ.

ಕಂಪ್ರೆಷನ್ ಅಂದರೆ ಏನು?

ಸಿಲಿಂಡರ್‌ನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಇಂಧನದ ಮಿಶ್ರಣ ಒತ್ತಡಕ್ಕೆ ಸಿಲುಕುತ್ತದೆ. ಸೈಕಲ್ ಪಂಪ್‌ನ ತುದಿಗೆ ಬೆರಳಿಟ್ಟು ಒತ್ತಿದಂತೆ. ಹೀಗೆ ಒತ್ತಿದ ಮಿಶ್ರಣಕ್ಕೆ ಕಿಡಿ ತಗುಲಿದರೇ ಬಲ ಹುಟ್ಟುವುದು. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದನ್ನು ಮುಚ್ಚುವುದು ಪಿಸ್ಟನ್ ರಿಂಗ್‌ಗಳು. ರಿಂಗ್ ಸವೆದರೆ, ಮಸಿ ಕಟ್ಟಿ ಅಂಟಿಕೊಂಡರೆ ಅಥವಾ ಬೋರ್‌ನಲ್ಲಿ ಗೀರು ಬಿದ್ದರೆ ಒತ್ತಡ ಸೋರಿಹೋಗುತ್ತದೆ. ಪಂಪ್‌ನ ವಾಷರ್ ಹೋದಾಗ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಏರುವುದಿಲ್ಲವಲ್ಲ, ಹಾಗೆಯೇ.

ಆಯಿಲ್ ಬಿಟ್ಟಾಗ ಅದು ಈ ಸಂದಿನಲ್ಲಿ ನಿಂತು ತಾತ್ಕಾಲಿಕ ವಾಷರ್‌ನಂತೆ ಕೆಲಸ ಮಾಡುತ್ತದೆ. ಎಂಜಿನ್ ಓಡಲು ಶುರುವಾದ ಕೆಲವೇ ನಿಮಿಷಗಳಲ್ಲಿ ಅದು ಉರಿದು ಹೊಗೆಯಾಗಿ ಹೋಗುತ್ತದೆ. ಸವೆದ ರಿಂಗ್ ಸವೆದೇ ಇರುತ್ತದೆ. ಹೆಚ್ಚು ಸುರಿದರೆ ಪ್ಲಗ್ ತೊಯ್ದು, ಇದ್ದ ಕಿಡಿಯೂ ಹೋಗಬಹುದು.

ಆಫ್ ಆದರೆ ಕಂಪ್ರೆಷನ್ನೇ ಕಾರಣವೇ?

ಫಾರ್ವರ್ಡ್‌ನ ದೊಡ್ಡ ತಪ್ಪು ಇಲ್ಲಿದೆ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಏಕಾಏಕಿ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇಂಧನ ಮತ್ತು ಕಿಡಿಯನ್ನು. ಕಂಪ್ರೆಷನ್ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಸ್ಟಾರ್ಟ್ ಮಾಡಲು ಕಷ್ಟ, ಹಗ್ಗ ಎಳೆದಾಗ ಕೈಗೆ ಬಿಗಿ ಸಿಗದಿರುವುದು, ಭಾರಕ್ಕೆ ಎಳೆಯದಿರುವುದು, ಐಡ್ಲಿಂಗ್‌ನಲ್ಲಿ ನಿಲ್ಲುವುದು ಅದರ ಲಕ್ಷಣಗಳು. ಆದ್ದರಿಂದ ಈ ಕ್ರಮದಲ್ಲಿ ನೋಡಿ:

1. ಸುರಕ್ಷತಾ ಹಗ್ಗದ ಕ್ಲಿಪ್ ಸ್ವಿಚ್‌ನಲ್ಲಿ ಸರಿಯಾಗಿ ಕೂತಿದೆಯೇ? ಅದು ಕಳಚಿದರೆ ಎಂಜಿನ್ ನಿಲ್ಲಲೇಬೇಕು, ಅದಕ್ಕೇ ಅದನ್ನು ಇಟ್ಟಿರುವುದು.

2. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಮುಚ್ಚಿದ್ದರೆ ಎಂಜಿನ್ ಕೆಲವು ನಿಮಿಷ ಓಡಿ, ಇಂಧನ ಬಾರದೆ ಸಾಯುತ್ತದೆ. ಮುಚ್ಚಳ ಸಡಿಲಿಸಿದಾಗ ‘ಸುಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಕಾರಣ ಸಿಕ್ಕಿತು.

3. ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ. ಎಂಜಿನ್ ಸಾಯುವ ಹೊತ್ತಿಗೆ ಬಲ್ಬ್ ಒತ್ತಿದಾಗ ಚೇತರಿಸಿಕೊಂಡರೆ ಪೈಪ್ ಸೋರಿಕೆ ಅಥವಾ ಇಂಧನ ಪಂಪ್‌ನ ದೋಷ.

4. ಇಂಧನದಲ್ಲಿ ನೀರಿದೆಯೇ? ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಿಡಿದು ಇಡಿ, ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಅದರಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಿಂಗಳುಗಟ್ಟಲೆ ನಿಂತ ದೋಣಿಯ ಹಳೇ ಪೆಟ್ರೋಲ್ ನಂಬಬೇಡಿ.

5. ಪ್ಲಗ್ ತೊಯ್ದಿದೆಯೇ, ಮಸಿ ಹಿಡಿದಿದೆಯೇ? ಐಡ್ಲಿಂಗ್‌ನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಕಾರ್ಬ್ಯುರೇಟರ್‌ನ ಸಣ್ಣ ಜೆಟ್ ಕಟ್ಟಿರಬಹುದು.

ಇಷ್ಟೂ ಸರಿಯಿದ್ದರೆ ಆಮೇಲೆ ಕಂಪ್ರೆಷನ್.

ಅಳೆಯುವುದು ಹೇಗೆ?

ಎಂಜಿನ್ ಸ್ವಲ್ಪ ಬಿಸಿಯಿರುವಾಗ ಎಲ್ಲ ಪ್ಲಗ್ ಬಿಚ್ಚಿ. ಕಿಡಿ ಹಾರದಂತೆ ಪ್ಲಗ್ ವೈರ್‌ಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಭದ್ರಪಡಿಸಿ, ಪೆಟ್ರೋಲ್ ದೂರವಿಡಿ. ಪ್ಲಗ್ ರಂಧ್ರಕ್ಕೆ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಬಾರಿ ಹಗ್ಗ ಎಳೆಯಿರಿ. ಪ್ರತಿ ಸಿಲಿಂಡರ್‌ಗೂ ಹೀಗೆಯೇ ಮಾಡಿ ಬರೆದಿಟ್ಟುಕೊಳ್ಳಿ.

ಒಂದೇ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದರಲ್ಲಿ 120 ಪಿಎಸ್‌ಐ, ಇನ್ನೊಂದರಲ್ಲಿ 115 ಇದ್ದರೆ ಚಿಂತೆಯಿಲ್ಲ. 120 ಮತ್ತು 80 ಇದ್ದರೆ ಎಂಜಿನ್ ಬಿಚ್ಚಲೇಬೇಕು. ಎಷ್ಟಿರಬೇಕು ಎಂಬುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ, ಕೈಪಿಡಿ ನೋಡಿ. ಸೀಮೆಎಣ್ಣೆಯಲ್ಲಿ ಓಡುವಂತೆ ಮಾಡಿದ ನಾಡದೋಣಿ ಮೋಟಾರ್‌ಗಳಲ್ಲಿ ಕಂಪ್ರೆಷನ್ ಮೊದಲೇ ಕಡಿಮೆ. ಇನ್ನೊಂದು ವಿಷಯ: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಮಲ್ಪೆಯಲ್ಲಿ 120 ತೋರಿಸುವ ಅದೇ ಎಂಜಿನ್ ಇಲ್ಲಿ ಸುಮಾರು ಶೇ 10ರಷ್ಟು ಕಡಿಮೆ ತೋರಿಸಿದರೆ ಅದು ದೋಷವಲ್ಲ.

ಫಾರ್ವರ್ಡ್ ಹೇಳಿದ ಆಯಿಲ್ ಕೆಲಸಕ್ಕೆ ಬರುವುದು ಈಗ. ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಸೋರಿಕೆ ರಿಂಗ್ ಅಥವಾ ಬೋರ್‌ನಲ್ಲಿದೆ. ಏರದಿದ್ದರೆ ಟು-ಸ್ಟ್ರೋಕ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಅಥವಾ ತೂತು ಬಿದ್ದ ಪಿಸ್ಟನ್ ಮೇಲೆ, ಫೋರ್-ಸ್ಟ್ರೋಕ್‌ನಲ್ಲಿ ವಾಲ್ವ್‌ಗಳ ಮೇಲೂ ಅನುಮಾನ ಪಡಬೇಕು. ರಿಂಗ್ ಮಸಿಯಿಂದ ಅಂಟಿಕೊಂಡಿದ್ದರೆ ಮಾತ್ರ ಮಸಿ ಕರಗಿಸುವ ದ್ರಾವಣದಿಂದ ಕೆಲವೊಮ್ಮೆ ಬಿಡಿಸಬಹುದು. ಸವೆದಿದ್ದರೆ ಬದಲಿಸಲೇಬೇಕು.

ಹೀಗಾಗದಂತೆ ತಡೆಯುವುದು

ಟು-ಸ್ಟ್ರೋಕ್‌ನಲ್ಲಿ ಆಯಿಲ್ ಬೆರೆಯುವುದು ಇಂಧನದಲ್ಲೇ. ಎಷ್ಟು ಪಾಲು ಎಂಬುದನ್ನು ಕೈಪಿಡಿಯಂತೆ ಪಾಲಿಸಿ: ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಮಸಿ. ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ತಂಪಾಗಿಸುವ ಪಂಪ್ ಕೆಲಸ ಮಾಡುತ್ತಿಲ್ಲ ಅಥವಾ ದಾರಿಯಲ್ಲಿ ಮರಳು, ಪ್ಲಾಸ್ಟಿಕ್ ಕಟ್ಟಿದೆ, ಕೂಡಲೇ ನಿಲ್ಲಿಸಿ. ನೀರಿಲ್ಲದೆ ಒಣನೆಲದಲ್ಲಿ ‘ಟೆಸ್ಟ್’ಗೆಂದು ಓಡಿಸಬೇಡಿ. ಸೀಮೆಎಣ್ಣೆ ಮೋಟಾರ್ ಆದರೆ ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ಬದಲಿಸಿ ಕೆಲ ನಿಮಿಷ ಓಡಿಸಿ.

ಬೈಕ್‌ಗೂ ಇದು ಅನ್ವಯಿಸುತ್ತದೆಯೇ?

ಅಂಡರ್‌ಪಾಸ್‌ನ ನೀರಿನಲ್ಲಿ ಬೈಕ್ ನಿಂತರೆ ಮಾಡಬಾರದ ಕೆಲಸವೆಂದರೆ ಮತ್ತೆ ಮತ್ತೆ ಸೆಲ್ಫ್ ಒತ್ತುವುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಹೊರಗೆ ಬನ್ನಿ, ಪ್ಲಗ್ ಬಿಚ್ಚಿ ನೀರು ಹೊರಹಾಕುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ನೀರು ತೆಗೆದ ಮೇಲೆ ಅವರು ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಡಬಹುದು. ಅದು ತುಕ್ಕು ತಡೆಯಲು, ಕಂಪ್ರೆಷನ್ ರಿಪೇರಿಗಲ್ಲ.

ತೀರ್ಮಾನ: ಪ್ಲಗ್ ರಂಧ್ರಕ್ಕೆ ಆಯಿಲ್ ಬಿಡುವುದರಿಂದ ಕಂಪ್ರೆಷನ್ ಶಾಶ್ವತವಾಗಿ ಸರಿಯಾಗುತ್ತದೆ ಎಂಬುದು ತಪ್ಪು. ಈ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನು ಕಳಿಸಿ. ಅವರ ಮನೆಯ ಯಾರಾದರೂ ಮಳೆಗಾಲದಲ್ಲಿ ದೋಣಿ ಹತ್ತುವವರಿದ್ದರೆ ಮೊದಲು ಅವರಿಗೆ ಕಳಿಸಿ.