ಅಣಬೆ ಕೋಣೆಯ ತಂಪು: ಎರಡರಲ್ಲಿ ಒಂದು ಕೈಕೊಟ್ಟರೆ?

ಅಡಿಕೆ ತೋಟದ ಮೂಲೆಯಲ್ಲಿ ಎ.ಸಿ. ಹಾಕಿಸಿದ್ದೇನೆ ಎಂದರೆ ನಗುವವರೇ ಜಾಸ್ತಿ. ನನಗಲ್ಲ ಮಾರಾಯ್ರೇ, ಅಣಬೆಗೆ! ಬಟನ್ ಅಣಬೆಯ ಬೀಜ ಹಬ್ಬಲು 22ರಿಂದ 25 ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ಮೊಗ್ಗೊಡೆದು ಬೆಳೆ ಕೊಡಬೇಕಾದರೆ 14ರಿಂದ 18 ಡಿಗ್ರಿಯಲ್ಲೇ ನಿಲ್ಲಿಸಬೇಕು. ಪುತ್ತೂರಿನ ಮಾರ್ಚ್ ಸೆಕೆಯಲ್ಲಿ ಇದು ಯಂತ್ರವಿಲ್ಲದೆ ಆಗುವ ಮಾತಲ್ಲ.

ನನ್ನ ಕೋಣೆಯಲ್ಲಿ 10 ಕೆ.ಜಿ. ಕಾಂಪೋಸ್ಟ್ ತುಂಬಿದ 800 ಚೀಲ ಇಡುತ್ತೇನೆ. ತಂಪಿಗೆ 11 ಟನ್ನಿನ ಡಕ್ಟ್ ಎ.ಸಿ. ಒಳಗೆ ಒಂದೇ ದೊಡ್ಡ ಪೆಟ್ಟಿಗೆ, ಹೊರಗೆ ಐದೂವರೆ ಟನ್ನಿನ ಎರಡು ಪೆಟ್ಟಿಗೆ. ಹೊರಗಿನ ಎರಡಕ್ಕೂ ಕಂಪ್ರೆಸರ್, ಗ್ಯಾಸು, ಪೈಪು ಎಲ್ಲ ಬೇರೆ ಬೇರೆ. ಮೊದಲು ಒಂದನೆಯದು ಓಡುತ್ತದೆ. ಅದರಿಂದ ಸಾಲದಾದರೆ ಮಾತ್ರ ಎರಡನೆಯದು ಶುರುವಾಗುತ್ತದೆ.

ಎರಡು ಪೆಟ್ಟಿಗೆ ಇರುವುದರ ಲಾಭ ಎಲ್ಲರೂ ಹೇಳುತ್ತಾರೆ. ಒಂದು ಕೆಟ್ಟರೂ ಇನ್ನೊಂದು ಇದೆಯಲ್ಲ! ಆದರೆ ಇದರಲ್ಲೇ ಒಂದು ಮೋಸವೂ ಇದೆ. ಒಂದು ಕೆಟ್ಟದ್ದು ನಮಗೆ ಗೊತ್ತೇ ಆಗುವುದಿಲ್ಲ. ಜೋಡೆತ್ತಿನಲ್ಲಿ ಒಂದು ಕಳ್ಳಬಿದ್ದರೂ ಇಳಿಜಾರಿನಲ್ಲಿ ಗಾಡಿ ಸಾಗುತ್ತದೆ. ಏರು ಬಂದಾಗಲೇ ಸತ್ಯ ಹೊರಬೀಳುವುದು. ನನಗೆ ಆ ಏರು ಬಂದದ್ದು 2023ರ ಮಾರ್ಚಿನಲ್ಲಿ.

ಗ್ಯಾಸು ಮುಗಿದಿದೆಯಂತೆ!

ಚೀಲಗಳಲ್ಲಿ ಮೊಗ್ಗು ತುಂಬಿಕೊಂಡ ಹೊತ್ತು. 17ರಲ್ಲಿ ಇರಬೇಕಾದ ಕೋಣೆ ಮಧ್ಯಾಹ್ನ 21 ತೋರಿಸಿತು. ಎರಡು ದಿನದಲ್ಲಿ 23. ಸಣ್ಣ ಮೊಗ್ಗುಗಳು ಕಂದಾಗಿ ಒಣಗಿದವು. ಉಳಿದವು ದಂಟು ಉದ್ದವಾಗಿ, ಕೊಡೆ ಬಿಚ್ಚಿ, ಮಾರುಕಟ್ಟೆಗೆ ಹೋಗದಂತಾದವು.

ಬಂದ ಮೆಕ್ಯಾನಿಕ್ ಒಂದನೆಯ ಪೆಟ್ಟಿಗೆ ಬಿಡುವಿಲ್ಲದೆ ಓಡುವುದನ್ನು ಕಂಡು, "ಗ್ಯಾಸು ಕಡಿಮೆಯಾಗಿದೆ" ಎಂದರು. ತೂಕ ಮಾಡದೆ ಅಂದಾಜಿನಲ್ಲಿ ತುಂಬಿಸಿ ಹೋದರು. ಮರುದಿನದಿಂದ ಅದು ನಡು ಮಧ್ಯಾಹ್ನ ತಾನಾಗಿ ನಿಲ್ಲತೊಡಗಿತು! ಇನ್ನೊಬ್ಬರನ್ನು ಕರೆಸಿದೆ. ಅವರು ಎರಡನೆಯದರ ಶಬ್ದ ಕೇಳಿ, "ಕಂಪ್ರೆಸರ್ ಹೋಗಿದೆ, ಹೊಸದೇ ಆಗಬೇಕು" ಎಂದುಬಿಟ್ಟರು. ಅರ್ಧ ಲಕ್ಷದ ಮೇಲಿನ ಮಾತು. ಅಣಬೆ ಕೋಣೆಯ ಸಾಲವೇ ಅರ್ಧ ಬಾಕಿ ಇತ್ತು. "ಎರಡು ದಿನ ತಡೆಯಿರಿ" ಎಂದೆ.

ಪುಸ್ತಕ ಹಿಡಿದು ಕೂತೆ

ಮರುದಿನ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಹೊರಗಿನ ಪೆಟ್ಟಿಗೆಗಳ ಬಳಿಯೇ ಕೂತೆ. ಕೈಯಲ್ಲಿ ಒಂದು ಥರ್ಮಾಮೀಟರ್, ಮಕ್ಕಳ ಹಳೆಯ ನೋಟ್ ಬುಕ್. ಅರ್ಧ ಗಂಟೆಗೊಮ್ಮೆ ಎರಡರದ್ದೂ ಬರೆದೆ. ಯಾವುದು ಓಡುತ್ತಿದೆ? ಫ್ಯಾನಿನಿಂದ ಹೊರಬರುವ ಗಾಳಿ ಎಷ್ಟು ಬಿಸಿ? ಕೋಣೆಯಿಂದ ಮರಳಿ ಬರುವ ದಪ್ಪ ಪೈಪು ತಣ್ಣಗಿದೆಯೇ?

ಬರೆದದ್ದನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಬಯಲಾಯಿತು. ಒಂದನೆಯದರ ದಪ್ಪ ಪೈಪು ತಣ್ಣಗೆ ಬೆವರುತ್ತಿತ್ತು, ಹೊರಗಾಳಿ ಬಿಸಿಯಾಗಿತ್ತು. ಅದು ನಿಲ್ಲುತ್ತಿದ್ದದ್ದು 12ರಿಂದ 3ರ ನಡುವೆ ಮಾತ್ರ. ಎರಡನೆಯದರ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಆದರೆ ಗಾಳಿಗೆ ಬಿಸಿಯಿಲ್ಲ, ಪೈಪಿಗೆ ತಂಪಿಲ್ಲ. ಕಂಪ್ರೆಸರ್ ಮಾತ್ರ ಗರಗರ ಸದ್ದು ಮಾಡಿ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು.

ಅಂದರೆ ರೋಗ ಒಂದಲ್ಲ, ಎರಡು. ಪೆಟ್ಟಿಗೆಗೊಂದು!

ಆ ಗರಗರ ಸದ್ದು ಕೇಳುವಾಗ ನಮ್ಮ ಕೊಳವೆ ಬಾವಿಯ ಪಂಪು ನೆನಪಾಯಿತು. ಲೈನ್ ರಿಪೇರಿ ಮಾಡಿದ ಮೇಲೆ ಪಂಪು ಉಲ್ಟಾ ತಿರುಗಿ ನೀರು ಕಡಿಮೆಯಾಗುವುದು ನಮಗೆಲ್ಲ ಗೊತ್ತಿದ್ದದ್ದೇ. ಎರಡು ವಯರು ಅದಲು ಬದಲು ಮಾಡಿದರೆ ಸರಿ. ಫೆಬ್ರವರಿಯಲ್ಲಿ ಎರಡನೆಯ ಪೆಟ್ಟಿಗೆಯ ಮೈನ್ ಸ್ವಿಚ್ ಸುಟ್ಟು, ಊರಿನ ಎಲೆಕ್ಟ್ರಿಶಿಯನ್ ಹೊಸದು ಹಾಕಿದ್ದರು. ಆಗ ಪೆಟ್ಟಿಗೆ ಶುರುವೇ ಆಗಿರಲಿಲ್ಲ. ಫೇಸ್ ಕಾಯುವ ರಿಲೇ ತಡೆಯುತ್ತಿತ್ತು. "ಇದು ಸುಮ್ಮನೆ ಉಪದ್ರ" ಎಂದು ಅದನ್ನು 'ಡೈರೆಕ್ಟ್' ಮಾಡಿಸಿದ್ದು ನಾನೇ! ಪಂಪಿನ ಪ್ರಿವೆಂಟರನ್ನು ಡೈರೆಕ್ಟ್ ಮಾಡಿ ಅಭ್ಯಾಸವಾದ ಕೈ.

ಮೂರನೆಯವರನ್ನು ಕರೆಸುವಾಗ ಕ್ಲ್ಯಾಂಪ್ ಮೀಟರೂ ಗೇಜೂ ತರಲು ಹೇಳಿದೆ. ಎರಡನೆಯದು ಎಳೆಯುವ ಕರೆಂಟು ಒಂದನೆಯದರ ಅರ್ಧದಷ್ಟಿತ್ತು. ಗ್ಯಾಸು ಒಳಗೆ ಬರುವ ಕಡೆಯ ಒತ್ತಡ, ಹೊರಗೆ ಹೋಗುವ ಕಡೆಯ ಒತ್ತಡ ಹೆಚ್ಚುಕಡಿಮೆ ಒಂದೇ. "ಕಂಪ್ರೆಸರ್ ಸತ್ತಿಲ್ಲ, ಉಲ್ಟಾ ತಿರುಗುತ್ತಿದೆ" ಎಂದರು. ಮೂರು ಫೇಸಿನ ಸ್ಕ್ರೋಲ್ ಕಂಪ್ರೆಸರ್ ಒಂದೇ ದಿಕ್ಕಿನಲ್ಲಿ ತಿರುಗಿದರೆ ಮಾತ್ರ ಗ್ಯಾಸನ್ನು ಒತ್ತುತ್ತದೆ. ಹೊರಗಿನ ಫ್ಯಾನು ಸಿಂಗಲ್ ಫೇಸಿನದ್ದು. ಹಾಗಾಗಿ ಅದು ಸರಿಯಾಗಿಯೇ ತಿರುಗುತ್ತಾ ನಮ್ಮನ್ನು ನಂಬಿಸಿತ್ತು.

ಮೈನ್ ತೆಗೆದು ಎರಡು ವಯರು ಬದಲಿಸಿದರು. ಹತ್ತು ನಿಮಿಷದಲ್ಲಿ ಪೈಪು ಬೆವರಿತು! ಫೆಬ್ರವರಿಯ ತಂಪಿನಲ್ಲಿ ಎರಡನೆಯದಕ್ಕೆ ಹೆಚ್ಚು ಕೆಲಸವಿರಲಿಲ್ಲ. ಬಿಸಿಯಾದಾಗ ಒಳಗಿನ ರಕ್ಷಕ ತಡೆಯುತ್ತಿತ್ತು. ಅದರಿಂದ ಕಂಪ್ರೆಸರ್ ಬದುಕಿತು.

ಒಂದನೆಯದರ ರೋಗ ಬೇರೆ. ಪಕ್ಕದ ಕೊಟ್ಟಿಗೆಯಲ್ಲೇ ನಮ್ಮ ಅಡಿಕೆ ಸುಲಿಯುವ ಯಂತ್ರ. ಅದರ ಧೂಳು, ನಾರಿನ ಚೂರು ಹೊರಗಿನ ಕಾಯಿಲ್ ಹಿಂಬದಿಗೆ ಕಂಬಳಿಯ ಹಾಗೆ ಅಂಟಿತ್ತು. ಬಿಸಿ ಹೊರಹೋಗಲು ದಾರಿಯಿಲ್ಲ, ಮೇಲಿಂದ ಹೆಚ್ಚುವರಿ ಗ್ಯಾಸು. ಬಿಸಿಲೇರಿದಾಗ ಒತ್ತಡ ಹೆಚ್ಚಿ ಸ್ವಿಚ್ ಬೀಳುತ್ತಿತ್ತು. ಕಾಯಿಲನ್ನು ಒಳಗಿನಿಂದ ಹೊರಕ್ಕೆ ಹದವಾಗಿ ನೀರು ಬಿಟ್ಟು ತೊಳೆದರು. ಗ್ಯಾಸನ್ನು ಸಿಲಿಂಡರಿಗೆ ಹಿಂತೆಗೆದು, ಪಟ್ಟಿಯಲ್ಲಿ ಬರೆದ ತೂಕಕ್ಕೆ ಪೈಪಿನ ಉದ್ದ ಲೆಕ್ಕ ಹಾಕಿ ತುಂಬಿದರು.

ಒಟ್ಟು ಖರ್ಚು ಹೊಸ ಕಂಪ್ರೆಸರಿನ ಹತ್ತನೇ ಒಂದು ಪಾಲೂ ಆಗಲಿಲ್ಲ. ಆದರೆ ಆ ಸಲದ ಬೆಳೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಅದು ಮರಳಿ ಬರುವುದಿಲ್ಲವಲ್ಲ.

ನಾನೀಗ ಅನುಸರಿಸುವ ಕ್ರಮ

1. ತಿಂಗಳಿಗೊಮ್ಮೆ ಒಂದನ್ನು ಆರಿಸಿ ಇನ್ನೊಂದನ್ನು ಮಾತ್ರ ಅರ್ಧ ಗಂಟೆ ಓಡಿಸುತ್ತೇನೆ. ಮತ್ತೆ ಅದಲು ಬದಲು. ಮಳೆಗಾಲದಲ್ಲೂ ಬಿಡುವುದಿಲ್ಲ. ನಿಲ್ಲಿಸಿದ ಕಂಪ್ರೆಸರನ್ನು ಐದು ನಿಮಿಷ ಬಿಟ್ಟೇ ಮತ್ತೆ ಶುರು ಮಾಡಬೇಕು.

2. ಒಂದೇ ಮಾದರಿಯ ಎರಡಿದ್ದರೆ, ಚೆನ್ನಾಗಿರುವುದೇ ಕೆಟ್ಟದ್ದಕ್ಕೆ ಅಳತೆಗೋಲು. ಒಂದೇ ಹೊತ್ತಿನಲ್ಲಿ ಎರಡರದ್ದೂ ಗಾಳಿಯ ಬಿಸಿ, ಪೈಪಿನ ತಂಪು, ಕರೆಂಟು ಬರೆದಿಡಿ. ಎರಡೂ ಒಂದೇ ರೀತಿ ಸೋತಿದ್ದರೆ ತೊಂದರೆ ಎರಡಕ್ಕೂ ಸೇರಿದ್ದು: ಒಳಗಿನ ಫಿಲ್ಟರ್, ಒಳಗಿನ ಫ್ಯಾನು, ವೋಲ್ಟೇಜ್. ಒಂದೇ ಸೋತಿದ್ದರೆ ಅದರ ಪೆಟ್ಟಿಗೆಯಲ್ಲೋ ಪೈಪಿನಲ್ಲೋ ಹುಡುಕಬೇಕು.

3. ಮೂರೂ ಫೇಸಿನ ವೋಲ್ಟೇಜ್ ಅಳೆಸಿ. 400, 412, 388 ಬಂತೆನ್ನಿ. ಸರಾಸರಿ 400, ಹೆಚ್ಚಿನ ವ್ಯತ್ಯಾಸ 12, ಅಂದರೆ ಶೇ. 3. ಶೇ. 2 ದಾಟಿದರೆ ಮೋಟಾರಿಗೆ ಒಳ್ಳೆಯದಲ್ಲ.

4. ಗ್ಯಾಸು ಡೀಸೆಲಿನ ಹಾಗೆ ಖರ್ಚಾಗುವುದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ ಜಾಗ ತೋರಿಸದೆ ತುಂಬಲು ಬಿಡಬೇಡಿ. ತುಂಬುವುದಾದರೆ ತಕ್ಕಡಿ ಇರಲಿ.

5. ಮೈನ್ ಸ್ವಿಚ್, ವಯರು, ಟ್ರಾನ್ಸ್‌ಫಾರ್ಮರ್ ಏನೇ ಬದಲಾದರೂ ಫೇಸಿನ ಕ್ರಮ ನೋಡಿಸಿ. ರಿಲೇ ತಡೆದರೆ ಅದರ ಮೇಲೆ ಸಿಟ್ಟು ಬೇಡ. ಅದು ಕಾವಲು ನಾಯಿ, ಸುಮ್ಮನೆ ಬೊಗಳುವುದಿಲ್ಲ.

6. ಪೆಟ್ಟಿಗೆಗಳ ಬಿಸಿಗಾಳಿ ಒಂದರದ್ದು ಇನ್ನೊಂದಕ್ಕೆ ಹೊಡೆಯದಂತೆ ಇಡಿ. ಸಂಪರ್ಕದ ಸ್ವಿಚ್ಚಿನೊಳಗೆ ಹಲ್ಲಿ, ಇರುವೆ ಸೇರದಂತೆ ವಯರು ಹೋಗುವ ತೂತು ಮುಚ್ಚಿ.

ಹೊರಗಿನ ಪೆಟ್ಟಿಗೆಯ ಮುಚ್ಚಳ ತೆರೆಯುವುದು ಮಾತ್ರ ಗೊತ್ತಿದ್ದವರ ಕೆಲಸ. ಈಗಿನ ಇನ್ವರ್ಟರ್ ಮಾದರಿಗಳಲ್ಲಿ ಮೈನ್ ತೆಗೆದ ಮೇಲೂ ಕೆಲವು ನಿಮಿಷ ವಿದ್ಯುತ್ ಉಳಿದಿರುತ್ತದೆ.

ಒಂದೇ ಪೈಪಿನ ಮಾದರಿಯಾದರೆ

ದೊಡ್ಡ ಕಟ್ಟಡಗಳಲ್ಲಿ ವಿ.ಆರ್.ಎಫ್. ಎಂಬ ಮಾದರಿ ಇದೆ. ಅಲ್ಲಿ ಹೊರಗಿನ ಎರಡು ಮೂರು ಪೆಟ್ಟಿಗೆ ಒಂದೇ ಪೈಪಿಗೆ ಸೇರಿ, ಗ್ಯಾಸನ್ನು ಹಂಚಿಕೊಳ್ಳುತ್ತವೆ. ಒಂದು ಯಜಮಾನ, ಉಳಿದವು ಅದರ ಮಾತು ಕೇಳುವವು. ಮಾತಾಡಲು ತೆಳ್ಳಗಿನ ವಯರು. ಅದನ್ನು ಇಲಿ ಕಡಿದರೆ ಪೆಟ್ಟಿಗೆ ಚೆನ್ನಾಗಿದ್ದೂ ಕೆಲಸ ನಿಲ್ಲಬಹುದು. ಇಲ್ಲಿ ತಪ್ಪಿನ ಸಂಖ್ಯೆ ಪರದೆಯಲ್ಲಿ ಕಾಣುತ್ತದೆ. ಮೈನ್ ತೆಗೆಯುವ ಮೊದಲು ಅದನ್ನೂ, ಯಾವ ಪೆಟ್ಟಿಗೆ ಎಂಬುದನ್ನೂ ಬರೆದುಕೊಳ್ಳಿ. ಕೆಲವು ಮಾದರಿಗಳಲ್ಲಿ ಕೆಟ್ಟದ್ದನ್ನು ಹೊರಗಿಟ್ಟು ಉಳಿದವುಗಳಲ್ಲಿ ತಾತ್ಕಾಲಿಕವಾಗಿ ಓಡಿಸಬಹುದು. ಕೊಳ್ಳುವಾಗಲೇ ಇದನ್ನು ಕೇಳಿಟ್ಟುಕೊಂಡರೆ ಬೆಳೆ ಉಳಿದೀತು.

ಅಣಬೆಗೋ, ಹೂವಿಗೋ, ಹಣ್ಣಿಗೋ ತಂಪು ಕೋಣೆ ಕಟ್ಟುವವರು ಈಗ ನಮ್ಮಲ್ಲೂ ಇದ್ದಾರೆ. ಯಂತ್ರದೊಂದಿಗೆ ಒಂದು ನೋಟ್ ಬುಕ್ಕೂ ಕೊಳ್ಳಿ. ನನ್ನದು ಈಗ ಬಾಗಿಲ ಬಳಿಯೇ ತೂಗುತ್ತಿದೆ. ಸುಲಿಯುವ ಯಂತ್ರವನ್ನು ತೋಟದ ಆಚೆ ಬದಿಗೆ ಸಾಗಿಸಿದ್ದೇನೆ.