ಫ್ರಾನ್ಸಿನಲ್ಲಿ ನಿವೃತ್ತಿ: ಮನೆ ಕೊಂಡ ಮೇಲಿನ ಲೆಕ್ಕಾಚಾರ

ನಿವೃತ್ತಿಯ ನಂತರ ಸ್ವದೇಶ ಬಿಟ್ಟು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ನೆಲೆಸುವ ರೂಢಿ ಬ್ರಿಟನ್ನಿನ ಮಧ್ಯಮವರ್ಗದಲ್ಲಿ ಹಲವು ದಶಕಗಳಿಂದ ಬೇರೂರಿದೆ. ನೈರುತ್ಯ ಭಾಗದ ದೋರ್ದೋನ್ ಜಿಲ್ಲೆಯಲ್ಲಿ ಅವರು ಎಷ್ಟು ದಟ್ಟವಾಗಿ ನೆಲೆಯೂರಿದ್ದಾರೆಂದರೆ, ಇಂಗ್ಲೆಂಡಿನ ಜಿಲ್ಲೆಗಳ ಹೆಸರಿನ ಧಾಟಿಯಲ್ಲಿ ಅದನ್ನು ‘ದೋರ್ದೋನ್‌ಶೈರ್’ ಎಂದು ತಮಾಷೆಗೆ ಕರೆಯುವುದುಂಟು. ಅಲ್ಲಿನ ಎಮೆ ಎಂಬ ಪುಟ್ಟ ಊರಿಗೆ ತನ್ನದೇ ಕ್ರಿಕೆಟ್ ತಂಡವೂ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೈತಮಕ್ಕಳು ಕೆಲಸ ಅರಸಿ ನಗರಗಳಿಗೆ ಹೋದಾಗ ಲಿಮೂಸಾಂ, ಬ್ರಿಟನಿ, ನಾರ್ಮಂಡಿಗಳ ಕಲ್ಲಿನ ಮನೆಗಳು ಪಾಳುಬಿದ್ದು ಅಗ್ಗವಾದವು. 1989ರಲ್ಲಿ ಪ್ರಕಟವಾದ ಪೀಟರ್ ಮೇಲ್ ಅವರ ಪ್ರೊವಾನ್ಸ್ ಪ್ರಾಂತ್ಯದ ಅನುಭವಕಥನ ಆ ಆಸೆಗೆ ಗಾಳಿ ಹಾಕಿತು. ಲಿಮೋಜ್, ಬೆರ್ಜೆರಾಕ್‌ನಂಥ ಸಣ್ಣ ವಿಮಾನ ನಿಲ್ದಾಣಗಳಿಗೆ ಕಡಿಮೆ ದರದ ವಿಮಾನಗಳು ಬರತೊಡಗಿದ ಮೇಲೆ ಲಂಡನ್ನಿನ ಹೊರವಲಯದ ಮನೆ ಮಾರಿ, ಫ್ರಾನ್ಸಿನಲ್ಲಿ ತೋಟಸಮೇತ ಮನೆ ಕೊಂಡು, ಉಳಿದ ಹಣವನ್ನು ಬ್ಯಾಂಕಿನಲ್ಲಿಟ್ಟು ಬದುಕಬಹುದೆಂಬ ಲೆಕ್ಕ ಸಾವಿರಾರು ಕುಟುಂಬಗಳಿಗೆ ಸರಿಯೆನಿಸಿತು. ಲೆಕ್ಕ ತಪ್ಪೇನೂ ಅಲ್ಲ, ಆದರೆ ಅದು ಅರವತ್ತರ ವಯಸ್ಸಿನ ಆರೋಗ್ಯವಂತ ದಂಪತಿಗಳನ್ನು ಎದುರಿಗಿಟ್ಟುಕೊಂಡು ಮಾಡಿದ ಲೆಕ್ಕ. ಎಂಬತ್ತರ ವಯಸ್ಸಿನ ಒಂಟಿ ಜೀವವನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಮತ್ತು ಅಲ್ಲಿನ ತೊಡಕುಗಳೆಲ್ಲ ಹುಟ್ಟುವುದು ಬಹುಮಟ್ಟಿಗೆ ಈ ಲೋಪದಿಂದಲೇ.

ಮನೆ ಕೊಳ್ಳುವ ಕ್ರಮವಂತೂ ಸಾಕಷ್ಟು ಭದ್ರವಾಗಿದೆ. ಮಾರಾಟವನ್ನು ನಡೆಸಿಕೊಡುವವನು ನೋತೇರ್ ಎಂಬ ಅಧಿಕಾರಿ. ಕರ್ನಾಟಕದ ಕೋರ್ಟುಗಳ ಮುಂದೆ ಕುಳಿತು ಸೀಲು ಒತ್ತುವ ನೋಟರಿಗೂ ಇವನಿಗೂ ಹೋಲಿಕೆಯಿಲ್ಲ, ಕಾನೂನು ಓದಿ ಸರ್ಕಾರದಿಂದ ನೇಮಕಗೊಂಡ ಇವನು ಹಕ್ಕುಪತ್ರಗಳ ಪರಿಶೀಲನೆ, ತೆರಿಗೆ ವಸೂಲಿ, ನೋಂದಣಿ ಮೂರನ್ನೂ ಒಟ್ಟಿಗೆ ನಿಭಾಯಿಸುತ್ತಾನೆ. ಮೊದಲ ಕರಾರಿಗೆ ಸಹಿಯಾದ ಮೇಲೆ ಕೊಳ್ಳುವವರಿಗೆ, ಕಾರಣ ಹೇಳದೆ ಹಿಂದೆ ಸರಿಯಲು 10 ದಿನಗಳ ಅವಕಾಶವಿರುತ್ತದೆ. ಆ ಗಡುವು ಮೀರಿ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟಿರುವ ಮುಂಗಡಕ್ಕೆ ಕುತ್ತು ಬರಬಹುದು. ಹಳೆಯ ಮನೆಯಾದರೆ ಬೆಲೆಯ ಮೇಲೆ ಶೇ. 7ರಿಂದ 8ರಷ್ಟು ಖರ್ಚು ಬೀಳುತ್ತದೆ; ಇದನ್ನು ನೋತೇರನ ಶುಲ್ಕವೆಂದು ಕರೆದರೂ ಅದರ ಬಹುಪಾಲು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಹಳ್ಳಿಮನೆಯ ನಿಜವಾದ ತಲೆನೋವು ನೆಲದಡಿಯಲ್ಲಿದೆ. ಒಳಚರಂಡಿಯಿಲ್ಲದ ಕಡೆ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಅದನ್ನು ಸ್ಥಳೀಯಾಡಳಿತದ ಸಿಬ್ಬಂದಿ ಬಂದು ತಪಾಸಣೆ ಮಾಡಿ ವರದಿ ಕೊಡುತ್ತಾರೆ, ನಿಯಮಕ್ಕೆ ತಕ್ಕಂತಿಲ್ಲವೆಂದು ಬರೆದರೆ ಮನೆ ಕೊಂಡವರು ಒಂದು ವರ್ಷದೊಳಗೆ ಸರಿಪಡಿಸಬೇಕು. ಅಂಗಳ ಅಗೆದು ಹೊಸ ಟ್ಯಾಂಕ್ ಹೂಳಿಸುವುದಕ್ಕೆ ಸಾವಿರಾರು ಯೂರೋ ಬೇಕು, ಮತ್ತು ಬೇಸಿಗೆಯ ಬಿಸಿಲಿನಲ್ಲಿ ಗುಲಾಬಿ ಬಳ್ಳಿ ನೋಡಿ ಮನೆ ಮೆಚ್ಚಿದವರು ಈ ವರದಿಯ ಪುಟಗಳನ್ನು ಓದುವ ತಾಳ್ಮೆ ತೋರುವುದು ಕಡಿಮೆ. ಕೊಳ್ಳುವ ಮೊದಲು ಒಂದು ಚಳಿಗಾಲವನ್ನು ಅದೇ ಊರಿನ ಬಾಡಿಗೆ ಮನೆಯಲ್ಲಿ ಕಳೆದರೆ, ದಪ್ಪ ಕಲ್ಲಿನ ಗೋಡೆಗಳ ಥಂಡಿ, ಮಧ್ಯಾಹ್ನ 12ಕ್ಕೆ ಮುಚ್ಚಿದ ಅಂಗಡಿ 2ಕ್ಕೆ ತೆರೆಯುವ ಕ್ರಮ, ಜನವರಿಯಲ್ಲಿ ನರಪಿಳ್ಳೆ ಕಾಣದ ಬೀದಿ ಎಲ್ಲವೂ ಹೆಚ್ಚು ಖರ್ಚಿಲ್ಲದೆ ತಿಳಿದುಬರುತ್ತವೆ.

ಫ್ರಾನ್ಸಿಗೆ ವಿಶಿಷ್ಟವಾದ ಇನ್ನೊಂದು ಕ್ರಯದ ಬಗೆಗೆ ‘ವಿಯಾಜೆ’ ಎಂದು ಹೆಸರು. ಇದರಲ್ಲಿ ವೃದ್ಧರು ಮನೆಯನ್ನು ಮಾರಿಯೂ ಸಾಯುವವರೆಗೆ ಅದರಲ್ಲೇ ವಾಸಿಸುತ್ತಾರೆ. ಕೊಂಡವರು ಆರಂಭದಲ್ಲಿ ಒಂದಿಷ್ಟು ಇಡಿಗಂಟು, ಆಮೇಲೆ ಮಾರಿದವರು ಬದುಕಿರುವಷ್ಟು ಕಾಲ ತಿಂಗಳ ಮೊತ್ತ ಕೊಡುತ್ತಾರೆ. ಮಾರಿದವರು ಬೇಗ ತೀರಿಕೊಂಡರೆ ಕೊಂಡವರಿಗೆ ಲಾಭ, ಹೆಚ್ಚು ಬಾಳಿದರೆ ನಷ್ಟ. ಕರಾರಿನ ವೇಳೆಗೆ ಇದ್ದ ಕಾಯಿಲೆಯಿಂದಲೇ 20 ದಿನಗಳೊಳಗೆ ಸತ್ತರೆ ಮಾತ್ರ ಕರಾರು ಅನೂರ್ಜಿತವೆಂದು ಕಾನೂನು ಹೇಳುತ್ತದೆ. ಆರ್ಲ್ ಪಟ್ಟಣದ ಜಾನ್ ಕಾಲ್ಮಾಂ ಎಂಬ ವೃದ್ಧೆಯ ಪ್ರಸಂಗ ಈ ಪದ್ಧತಿಯ ವಿಚಿತ್ರವನ್ನು ಜಗತ್ತಿಗೆ ತಿಳಿಸಿತು. 1960ರ ದಶಕದಲ್ಲಿ, ತೊಂಬತ್ತು ತುಂಬಿದ ಮೇಲೆ, ಆಕೆ ತಿಂಗಳಿಗೆ 2,500 ಫ್ರಾಂಕ್‌ನಂತೆ ತನ್ನ ಮನೆಯನ್ನು ಒಬ್ಬನಿಗೆ ಹೀಗೆ ಮಾರಿದಳು; ಕೊಂಡವನು ಸ್ವತಃ ನೋತೇರ್ ವೃತ್ತಿಯವನೇ, ಕಾನೂನು ಬಲ್ಲವನೇ. ಅವನು ಮನೆಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಹಣ ಕಟ್ಟಿ 1995ರಲ್ಲಿ ತೀರಿಕೊಂಡ. ಅವನ ವಿಧವೆ ಕಂತು ಮುಂದುವರಿಸಬೇಕಾಯಿತು. ಕಾಲ್ಮಾಂ ತೀರಿಕೊಂಡದ್ದು 1997ರಲ್ಲಿ, 122ನೆಯ ವಯಸ್ಸಿಗೆ.

ಮನೆ ಕೊಂಡಮಾತ್ರಕ್ಕೆ ವಾಸದ ಹಕ್ಕು ಬರುವುದಿಲ್ಲವೆಂಬುದು ಬ್ರಿಟನ್ನಿನವರಿಗೆ ಈಚೆಗೆ ಅರಿವಾದ ಸಂಗತಿ. 2020ರ ಡಿಸೆಂಬರ್ 31ರವರೆಗೆ ಅವರು ಯುರೋಪಿಯನ್ ಒಕ್ಕೂಟದ ನಿಯಮಗಳಡಿ ಬೇಕೆಂದಾಗ ಬಂದು, ಬೇಕಾದಷ್ಟು ಕಾಲ ಇರಬಹುದಿತ್ತು. ಬ್ರೆಕ್ಸಿಟ್ ನಂತರ ಅದಕ್ಕೂ ಮೊದಲೇ ನೆಲೆಸಿದ್ದವರ ಹಕ್ಕುಗಳು ಉಳಿದವು, ಉಳಿದವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ವೀಸಾ ಇಲ್ಲದೆ ಇರಬಹುದು. ಹೆಚ್ಚು ಕಾಲ ಇರಬೇಕಾದವರು ‘ಸಂದರ್ಶಕ’ ವರ್ಗದ ದೀರ್ಘಾವಧಿ ವೀಸಾ ಪಡೆದು, ಬಂದ ಮೂರು ತಿಂಗಳೊಳಗೆ ಅದನ್ನು ಅಂತರ್ಜಾಲದಲ್ಲಿ ಊರ್ಜಿತಗೊಳಿಸಿಕೊಂಡು, ಅವಧಿ ಮುಗಿಯುವ ಮುನ್ನ ಪ್ರಿಫೆಕ್ಚರ್‌ಗೆ, ಅಂದರೆ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿಯ ಕಚೇರಿಗೆ, ನವೀಕರಣದ ಅರ್ಜಿ ಹಾಕಬೇಕು. ಅರ್ಜಿಯೊಂದಿಗೆ ಸಾಕಷ್ಟು ಆದಾಯದ ಪುರಾವೆ, ಆರೋಗ್ಯ ವಿಮೆ, ಫ್ರಾನ್ಸಿನಲ್ಲಿ ಯಾವ ಉದ್ಯೋಗವನ್ನೂ ಮಾಡುವುದಿಲ್ಲವೆಂಬ ಮುಚ್ಚಳಿಕೆ ಬೇಕು. ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ ಅಲ್ಲಿ ನೆಲೆಸಬಯಸಿದರೆ ಹಿಡಿಯಬೇಕಾದದ್ದೂ ಇದೇ ದಾರಿ. ಲಂಡನ್ನಿನವರನ್ನೂ ಬೆಂಗಳೂರಿನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕೀರ್ತಿ ಬ್ರೆಕ್ಸಿಟ್‌ಗೆ ಸಲ್ಲಬೇಕು. ಭಾರತೀಯರಿಗೆ ಇದರ ಮೇಲೆ ಇನ್ನೊಂದು ಮಿತಿಯಿದೆ: ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರಿಗಿಂತ ಹೆಚ್ಚು ಹೊರದೇಶಕ್ಕೆ ಕಳಿಸುವಂತಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಫ್ರಾನ್ಸಿನ ಕಚೇರಿಗಳು ಭಾರತದ ಕಚೇರಿಗಳಿಗೆ ಸೋಲುವಂಥವಲ್ಲ. ವಿಳಾಸದ ಪುರಾವೆಗೆ ಮೂರು ತಿಂಗಳೊಳಗಿನ ವಿದ್ಯುತ್ ಬಿಲ್ಲು, ಜನನ ಪ್ರಮಾಣಪತ್ರಕ್ಕೆ ನ್ಯಾಯಾಲಯದ ಪಟ್ಟಿಯಲ್ಲಿರುವ ಪ್ರಮಾಣೀಕೃತ ಅನುವಾದಕರಿಂದ ಫ್ರೆಂಚ್ ಅನುವಾದ, ಮುಖ್ಯ ಪತ್ರಗಳಿಗೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆ ಇವೆಲ್ಲ ನಿತ್ಯದ ಮಾತು. ವಿವಾಹಿತೆಯನ್ನು ಅಲ್ಲಿನ ದಾಖಲೆಗಳು ಹುಟ್ಟುಹೆಸರಿನಿಂದಲೇ ಗುರುತಿಸುವುದರಿಂದ, ನಲವತ್ತು ವರ್ಷ ಗಂಡನ ಮನೆತನದ ಹೆಸರಿನಲ್ಲಿ ಬಾಳಿದ ಹೆಂಗಸು ಆರೋಗ್ಯ ಕಾರ್ಡಿನಲ್ಲೂ ತೆರಿಗೆ ಚೀಟಿಯಲ್ಲೂ ಮತ್ತೆ ತವರಿನ ಹೆಸರಿನವಳಾಗುತ್ತಾಳೆ.

ಆರೋಗ್ಯ ವ್ಯವಸ್ಥೆಯ ಬಗೆಗಿನ ಹೊಗಳಿಕೆಯಲ್ಲಿ ಹುರುಳಿದೆ, ಆದರೆ ಅದು ಪೂರ್ತಿ ಉಚಿತವೆಂಬ ನಂಬಿಕೆ ತಪ್ಪು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಎಸ್-ಒನ್ ಎಂಬ ನಮೂನೆಯನ್ನು ತಂದು ಸ್ಥಳೀಯ ಆರೋಗ್ಯ ವಿಮಾ ಕಚೇರಿಯಲ್ಲಿ ನೋಂದಾಯಿಸಿದರೆ, ಅವರ ಚಿಕಿತ್ಸೆಯ ವೆಚ್ಚವನ್ನು ಫ್ರಾನ್ಸ್ ಬ್ರಿಟನ್ನಿನಿಂದ ವಸೂಲು ಮಾಡುತ್ತದೆ. ಆದರೆ ಪಿಂಚಣಿಯ ವಯಸ್ಸಿಗೆ ಮೊದಲೇ, ಐವತ್ತೆಂಟಕ್ಕೋ ಅರವತ್ತಕ್ಕೋ, ಕೆಲಸ ಬಿಟ್ಟು ಬಂದವರಿಗೆ ಈ ನಮೂನೆ ಸಿಗುವುದಿಲ್ಲ, ಅವರು ಆರಂಭದಲ್ಲಾದರೂ ಖಾಸಗಿ ವಿಮೆಯನ್ನೇ ಅವಲಂಬಿಸಬೇಕು. ಹಸಿರು ಬಣ್ಣದ ‘ಕಾರ್ತ್ ವಿತಾಲ್’ ಎಂಬ ಕಾರ್ಡು ಕೈಗೆ ಬಂದ ಮೇಲೂ ಜೇಬಿಗೆ ಕೈ ಹಾಕುವುದು ತಪ್ಪುವುದಿಲ್ಲ. 2024ರ ಡಿಸೆಂಬರ್‌ನಿಂದ ಸಾಮಾನ್ಯ ವೈದ್ಯರ ಭೇಟಿಗೆ 30 ಯೂರೋ ನಿಗದಿಯಾಗಿದೆ. ಸರ್ಕಾರಿ ವಿಮೆ ಅದರ ಶೇ. 70ರಷ್ಟನ್ನು, ಅಂದರೆ 21 ಯೂರೋವನ್ನು ಲೆಕ್ಕ ಹಿಡಿದು, ಅದರಲ್ಲಿ ರೋಗಿಯ ಪಾಲೆಂದು 2 ಯೂರೋ ಮುರಿದುಕೊಂಡು 19 ಯೂರೋ ಹಿಂದಿರುಗಿಸುತ್ತದೆ. ಮಿಕ್ಕ 9 ಯೂರೋವನ್ನು ಮ್ಯೂತುಯೆಲ್ ಎಂಬ ಪೂರಕ ವಿಮೆ ಭರಿಸಬಹುದಾದರೂ ಆ 2 ಯೂರೋವನ್ನು ಕೊಡುವುದಿಲ್ಲ, ವಯಸ್ಸೇರಿದಂತೆ ಅದರ ಕಂತೂ ಏರುತ್ತ ಹೋಗುತ್ತದೆ. ಇಷ್ಟೂ ಸಿಗಬೇಕಾದರೆ ಒಬ್ಬ ವೈದ್ಯರನ್ನು ತಮ್ಮ ನಿಗದಿತ ವೈದ್ಯರೆಂದು ಘೋಷಿಸಿರಬೇಕು, ಇಲ್ಲವಾದರೆ ಮರುಪಾವತಿ ಶೇ. 30ಕ್ಕೆ ಇಳಿಯುತ್ತದೆ. ತೊಡಕೆಂದರೆ, ಅಗ್ಗದ ಮನೆಗಳು ಸಿಗುವ ಜಿಲ್ಲೆಗಳಲ್ಲೇ ವೈದ್ಯರ ಕೊರತೆ ಹೆಚ್ಚು. ಫ್ರೆಂಚರು ‘ವೈದ್ಯಕೀಯ ಮರುಭೂಮಿ’ ಎಂದು ಕರೆಯುವ ಈ ಪ್ರದೇಶಗಳಲ್ಲಿ ನಿವೃತ್ತರಾದ ವೈದ್ಯರ ಜಾಗಕ್ಕೆ ಹೊಸಬರು ಬರುತ್ತಿಲ್ಲ, ಇರುವವರು ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲ. ಕ್ಯಾನ್ಸರ್, ಮಧುಮೇಹದಂಥ ದೀರ್ಘಕಾಲದ ರೋಗಗಳ ಚಿಕಿತ್ಸೆಗೆ ಮಾತ್ರ ನಿಗದಿತ ದರದ ಪೂರ್ಣ ಮೊತ್ತವನ್ನು ಸರ್ಕಾರಿ ವಿಮೆಯೇ ಕೊಡುತ್ತದೆ, ಇದು ನಿಜಕ್ಕೂ ದೊಡ್ಡ ಆಸರೆ.

ಪಿಂಚಣಿ ಪೌಂಡಿನಲ್ಲಿ ಬಂದು ಖರ್ಚು ಯೂರೋದಲ್ಲಿ ಆಗುವ ಮನೆಯಲ್ಲಿ ವಿನಿಮಯ ದರವೇ ಯಜಮಾನ. 2007ರ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು ಒಂದೂವರೆ ಯೂರೋ ಸಿಗುತ್ತಿತ್ತು. 2008ರ ಡಿಸೆಂಬರ್ ಕೊನೆಯ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸರಿಸಮವಾದವು, ಯಾರದೂ ತಪ್ಪಿಲ್ಲದೆ ಪಿಂಚಣಿದಾರರ ಆದಾಯದ ಮೂರನೇ ಒಂದು ಭಾಗ ಎರಡು ವರ್ಷಗಳಲ್ಲಿ ಕರಗಿತು. ಇನ್ನು ತೆರಿಗೆ. ಫ್ರಾನ್ಸಿನಲ್ಲಿ ಮುಖ್ಯ ಮನೆಯಿರುವವರು ಜಗತ್ತಿನ ಎಲ್ಲ ಕಡೆಯ ಆದಾಯವನ್ನೂ ಅಲ್ಲಿ ಘೋಷಿಸಬೇಕು; ಬ್ರಿಟನ್ನಿನಲ್ಲಿ ತೆರಿಗೆರಹಿತವಾದ ಐಸಾ ಉಳಿತಾಯ ಖಾತೆಯ ಗಳಿಕೆಗೂ ಅಲ್ಲಿ ತೆರಿಗೆಯಿದೆ, ಮತ್ತು ಹೊರದೇಶದ ಬ್ಯಾಂಕ್ ಖಾತೆಯೊಂದನ್ನು ಘೋಷಿಸಲು ಮರೆತರೆ, ಅದರಲ್ಲಿ ಬಿಡಿಗಾಸು ಇದ್ದರೂ, ಖಾತೆಯೊಂದಕ್ಕೆ 1,500 ಯೂರೋ ದಂಡ ಬೀಳಬಹುದು. ಫ್ರಾನ್ಸಿಗೆ ಹೋದವರ ಬ್ರಿಟಿಷ್ ಸರ್ಕಾರಿ ಪಿಂಚಣಿ ವರ್ಷವರ್ಷವೂ ಏರುತ್ತದೆಂಬುದು ಸಮಾಧಾನದ ಸಂಗತಿ. ಅದೇ ಪಿಂಚಣಿಯನ್ನು ಭಾರತದಲ್ಲಿ ನೆಲೆಸಿ ಪಡೆಯುವವರಿಗೆ, ಇಂಗ್ಲೆಂಡಿನಲ್ಲಿ ದುಡಿದು ತಾಯ್ನಾಡಿಗೆ ಮರಳಿದ ಕನ್ನಡಿಗರೂ ಸೇರಿದಂತೆ, ಮೊತ್ತ ಇದ್ದಲ್ಲೇ ನಿಂತುಬಿಡುತ್ತದೆ. ಚಳಿಗಾಲದ ಇಂಧನ ಭತ್ಯೆಯ ಕಥೆ ಮಾತ್ರ ಬೇರೆ. 2015ರಲ್ಲಿ ಬ್ರಿಟನ್ ಸರ್ಕಾರ ಸರಾಸರಿ ಚಳಿಗಾಲದ ಉಷ್ಣಾಂಶದ ಲೆಕ್ಕ ಹಾಕಿ, ಫ್ರಾನ್ಸ್ ಬೆಚ್ಚನೆಯ ದೇಶವೆಂದು ತೀರ್ಮಾನಿಸಿ ಭತ್ಯೆ ನಿಲ್ಲಿಸಿತು. ಆ ಸರಾಸರಿಯಲ್ಲಿ ಫ್ರಾನ್ಸಿನ ಆಡಳಿತಕ್ಕೆ ಸೇರಿದ, ಉಷ್ಣವಲಯದ ದೂರದ ಪ್ರದೇಶಗಳ ತಾಪವನ್ನೂ ಸೇರಿಸಲಾಗಿತ್ತು!

ಎಲ್ಲಕ್ಕಿಂತ ಹೆಚ್ಚು ಕುಟುಂಬಗಳನ್ನು ಕಾಡಿರುವುದು ಉತ್ತರಾಧಿಕಾರದ ಕಾನೂನು. ಸ್ವಯಾರ್ಜಿತ ಆಸ್ತಿಯನ್ನು ಇಷ್ಟಬಂದವರಿಗೆ ಉಯಿಲು ಬರೆಯಬಹುದೆಂಬ ತಿಳಿವಳಿಕೆ ಇಂಗ್ಲೆಂಡಿನವರಿಗೂ ಭಾರತದ ಹಿಂದೂ ಕುಟುಂಬಗಳಿಗೂ ಸಹಜವಾದದ್ದು. ನೆಪೋಲಿಯನ್ನನ ಕಾಲದಲ್ಲಿ, 1804ರಲ್ಲಿ, ರೂಪುಗೊಂಡ ಫ್ರೆಂಚ್ ನಾಗರಿಕ ಸಂಹಿತೆ ಇದನ್ನು ಒಪ್ಪುವುದಿಲ್ಲ. ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಮೂವರು ಅಥವಾ ಹೆಚ್ಚು ಮಕ್ಕಳಿದ್ದರೆ ಮುಕ್ಕಾಲು ಪಾಲು ಮಕ್ಕಳಿಗೇ ಮೀಸಲು. ಮುಖ ನೋಡದ ಮಗನನ್ನೂ ಈ ಪಾಲಿನಿಂದ ಹೊರಗಿಡಲಾಗದು. 2015ರ ಆಗಸ್ಟ್ 17ರಿಂದ ಜಾರಿಗೆ ಬಂದ ಯುರೋಪಿಯನ್ ನಿಯಮವು ತಮ್ಮ ಪೌರತ್ವದ ದೇಶದ ಕಾನೂನನ್ನೇ ಉಯಿಲಿನಲ್ಲಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಾಗ ಸಮಸ್ಯೆ ಮುಗಿಯಿತೆಂದೇ ಹಲವರು ಭಾವಿಸಿದರು. ಆದರೆ 2021ರ ನವೆಂಬರ್ 1ರಿಂದ ಫ್ರಾನ್ಸ್ ಹೊಸ ವಿಧಿ ತಂದು, ತೀರಿಕೊಂಡವರಾಗಲಿ ಅವರ ಮಕ್ಕಳಲ್ಲೊಬ್ಬರಾಗಲಿ ಒಕ್ಕೂಟದ ಪ್ರಜೆ ಅಥವಾ ನಿವಾಸಿಯಾಗಿದ್ದರೆ, ವಂಚಿತರಾದ ಮಕ್ಕಳು ಫ್ರಾನ್ಸಿನಲ್ಲಿರುವ ಆಸ್ತಿಯಿಂದ ತಮ್ಮ ಪಾಲು ಕೇಳಬಹುದೆಂದು ಗೊತ್ತುಪಡಿಸಿತು. ಹಳೆಯ ಉಯಿಲನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗಿದ್ದವರು ಮತ್ತೆ ನೋತೇರನ ಬಾಗಿಲಿಗೆ ಹೋಗಬೇಕಾಯಿತು.

ಎರಡನೆಯ ಮದುವೆಯ ಕುಟುಂಬಗಳಲ್ಲಿ ಇದು ಇನ್ನೂ ಜಟಿಲ. ಗಂಡನಿಗೆ ಮೊದಲ ಮದುವೆಯ ಮಕ್ಕಳಿದ್ದು ಅವನು ಉಯಿಲು ಬರೆಯದೆ ಸತ್ತರೆ ಹೆಂಡತಿಗೆ ಸಿಗುವುದು ಕಾಲು ಪಾಲಿನ ಒಡೆತನ, ವಾಸದ ಹಕ್ಕು ಪ್ರತ್ಯೇಕವಾಗಿದ್ದರೂ ಮನೆ ಮಾರಬೇಕಾದರೆ ಮಲಮಕ್ಕಳ ಸಹಿ ಬೇಕು. ತೆರಿಗೆಯ ದರವೂ ರಕ್ತಸಂಬಂಧವನ್ನು ನೋಡುತ್ತದೆ: ಗಂಡಹೆಂಡಿರ ನಡುವೆ 2007ರಿಂದ ತೆರಿಗೆಯಿಲ್ಲ, ಹೆತ್ತ ಮಕ್ಕಳಿಗೆ ತಂದೆಯಿಂದ, ತಾಯಿಯಿಂದ ತಲಾ 1,00,000 ಯೂರೋವರೆಗೆ ವಿನಾಯಿತಿಯಿದೆ, ಮಲಮಕ್ಕಳಿಗೆ ಮಾತ್ರ ಪರಕೀಯರಂತೆ ಶೇ. 60. ಆದ್ದರಿಂದಲೇ ಎಪ್ಪತ್ತು ದಾಟಿದವರು ನಲವತ್ತು ದಾಟಿದ ಮಲಮಗಳನ್ನು ‘ಸರಳ ದತ್ತು’ ಎಂಬ ವಿಧಾನದಲ್ಲಿ ದತ್ತು ತೆಗೆದುಕೊಳ್ಳುವ, ಹೊರಗಿನವರಿಗೆ ವಿನೋದವಾಗಿ ಕಾಣುವ ಏರ್ಪಾಡು ಅಲ್ಲಿ ಅಪರೂಪವಲ್ಲ.

ಒಬ್ಬರು ತೀರಿಕೊಂಡ ಮೇಲೆ ಉಳಿದವರಿಗೆ ಹಳ್ಳಿಯೇ ಬೇರೆಯಾಗಿ ಕಾಣುತ್ತದೆ. ಬಸ್ಸಿಲ್ಲದ ಊರಿನಲ್ಲಿ ಕಾರು ಓಡಿಸುತ್ತಿದ್ದವನು ಗಂಡನಾಗಿದ್ದರೆ ಹೆಂಡತಿಗೆ ಔಷಧದಂಗಡಿಯೂ ದೂರವಾಗುತ್ತದೆ. ಫ್ರೆಂಚ್ ಕಲಿತಿದ್ದವಳು ಹೆಂಡತಿಯಾಗಿದ್ದರೆ ಗಂಡನಿಗೆ ಕಚೇರಿಯ ಪತ್ರವೊಂದನ್ನು ಓದಿಕೊಳ್ಳಲಾಗುವುದಿಲ್ಲ. ದುರ್ಬಲರಾದವರಿಗೆ ಮನೆಗೆಲಸದ ಸಹಾಯಕ್ಕಾಗಿ ಜಿಲ್ಲಾಡಳಿತ ಅರವತ್ತರ ಮೇಲಿನವರಿಗೆ ಕೊಡುವ ಭತ್ಯೆಯಿದೆ, ಅದನ್ನು ಮುಂದೆ ಆಸ್ತಿಯಿಂದ ವಸೂಲು ಮಾಡುವುದಿಲ್ಲ. ವೃದ್ಧಾಶ್ರಮದ ನಿಯಮ ಹಾಗಿಲ್ಲ. ಅದರ ಶುಲ್ಕ ತೆರಲಾಗದವರಿಗೆ ನೆರವು ಕೊಡುವ ಮೊದಲು ಜಿಲ್ಲಾಡಳಿತವು ಮಕ್ಕಳ ಶಕ್ತಿಯನ್ನು ವಿಚಾರಿಸುತ್ತದೆ, ಏಕೆಂದರೆ ಕಷ್ಟದಲ್ಲಿರುವ ತಂದೆತಾಯಿಯರನ್ನು ಪೋಷಿಸುವ ಹೊಣೆಯನ್ನು ನಾಗರಿಕ ಸಂಹಿತೆ ಮಕ್ಕಳ ಮೇಲೆ ಹೊರಿಸಿದೆ. ಪಾಲಕರ ಪೋಷಣೆ ಕುರಿತ 2007ರ ಭಾರತೀಯ ಕಾನೂನನ್ನು ಬಲ್ಲವರಿಗೆ ಇದು ಹೊಸದೆನಿಸದಿದ್ದರೂ ಅಂಥ ಕಾನೂನಿಲ್ಲದ ಇಂಗ್ಲೆಂಡಿನ ಮಕ್ಕಳಿಗೆ ಇದು ಅನಿರೀಕ್ಷಿತ. ಮಕ್ಕಳಿಂದ ಆಗದಿದ್ದಾಗ ಸಿಗುವ ಆ ನೆರವಿಗೆ ಸಾಲದ ಸ್ವರೂಪವಿದೆ. ವೃದ್ಧರು ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಆಸ್ತಿಯಿಂದ, ಅಂದರೆ ಬಹಳ ಸಲ ಆ ಹಳ್ಳಿಮನೆಯ ಬೆಲೆಯಿಂದಲೇ, ಜಿಲ್ಲಾಡಳಿತ ಅದನ್ನು ಹಿಂದಕ್ಕೆ ಪಡೆಯುತ್ತದೆ.