ಮೆಮೊರಿ ಕಾರ್ಡ್ ಕೈಕೊಟ್ಟಾಗ

ನಿಕಾಹ್‌ನ ಫೋಟೊಗಳು, ಹಜ್‌ಗೆ ಹೊರಟವರನ್ನು ಬೀಳ್ಕೊಟ್ಟ ದಿನದ ವಿಡಿಯೊ, ತೀರಿಕೊಂಡ ಅಜ್ಜಿಯ ದನಿ ಎಲ್ಲವೂ ಇಂದು ಉಗುರಿನಗಲದ ಒಂದು ಕಾರ್ಡಿನಲ್ಲಿವೆ. ಒಂದು ದಿನ ಮೊಬೈಲು, ‘ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಬಿ.ಜಿ. ಕೆರೆಯವರು ಚಳ್ಳಕೆರೆಗೋ ಮೊಳಕಾಲ್ಮೂರಿಗೋ ಬಸ್ ಹತ್ತುವ ಮೊದಲು ‘ಬೇಡ’ ಎಂದು ಒತ್ತಬೇಕು, ಮೊಬೈಲ್ ಆಫ್ ಮಾಡಿ ಕಾರ್ಡ್ ಹೊರತೆಗೆಯಬೇಕು.

ಪುಸ್ತಕದ ಪರಿವಿಡಿ ಹರಿದುಹೋದರೂ ಒಳಗಿನ ಪುಟಗಳು ಉಳಿದಿರುತ್ತವೆ. ಕಾರ್ಡಿನಲ್ಲೂ ಯಾವುದು ಎಲ್ಲಿದೆ ಎಂಬ ಪಟ್ಟಿ ಬೇರೆ, ಫೋಟೊ ಬೇರೆ. ಫೋಟೊ ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಪಟ್ಟಿಯ ನಮೂದು ಮಾತ್ರ. ಆದರೆ ಆ ಜಾಗ ಖಾಲಿ ಎಂದೇ ಮೊಬೈಲ್ ತಿಳಿಯುತ್ತದೆ. ಹೊಸದಾಗಿ ತೆಗೆದ ಒಂದು ಫೋಟೊ ಹಳೆಯದರ ಮೇಲೆ ಕೂತರೆ ಅದನ್ನು ಯಾರಿಂದಲೂ ಮರಳಿ ತರಲಾಗದು.

ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಕಾರ್ಡ್ ರೀಡರ್‌ನಲ್ಲಿ ಹಾಕಿ, ಮೊದಲು ಇಡೀ ಕಾರ್ಡಿನ ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಸೊರಗಿದ ಕಾರ್ಡ್ ಹತ್ತು ಸಲ ಓದಿಸಿಕೊಳ್ಳುವಷ್ಟು ತಾಳದಿರಬಹುದು. ಹುಡುಕಾಟವೆಲ್ಲ ಆ ನಕಲಿನ ಮೇಲೆಯೇ ನಡೆಯಲಿ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಪಟ್ಟಿಯನ್ನು ಬದಿಗಿಟ್ಟು, ಫೋಟೊ ಕಡತ ಶುರುವಾಗುವ ಗುರುತನ್ನೇ ಹುಡುಕುತ್ತಾ ಹೋಗುತ್ತದೆ. ಹಳೆಯ ಹೆಸರುಗಳು ಬರುವುದಿಲ್ಲ, ಸಾವಿರಾರು ಕಡತಗಳನ್ನು ಕೂತು ಆರಿಸಬೇಕು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಮಾತ್ರ ತುಂಬಬಾರದು.

ಇನ್ನೊಂದು ಮಾತು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಕಾರ್ಡನ್ನು ಫೋನಿನ ಒಳ ಸಂಗ್ರಹವಾಗಿ ಸೇರಿಸಿಕೊಳ್ಳುವ ಸೌಲಭ್ಯವಿದೆ. ಹಾಗೆ ಸೇರಿಸಿದ್ದರೆ ಅದರಲ್ಲಿರುವುದಕ್ಕೆಲ್ಲ ಬೀಗ ಬಿದ್ದಿರುತ್ತದೆ, ಬೀಗದ ಕೈ ಆ ಫೋನಿನಲ್ಲೇ ಇರುತ್ತದೆ. ಅಂಥ ಫೋನನ್ನು ರೀಸೆಟ್ ಮಾಡಿದರೆ ಅಥವಾ ಮಾರಿದರೆ ಕಾರ್ಡ್ ಸುಸ್ಥಿತಿಯಲ್ಲಿದ್ದರೂ ಉಪಯೋಗವಿಲ್ಲ.

ಬೇರೆ ಬೇರೆ ರೀಡರ್‌ನಲ್ಲಿ ಹಾಕಿದರೂ ಕಂಪ್ಯೂಟರ್ ಕಾರ್ಡನ್ನು ಗುರುತಿಸದಿದ್ದರೆ, ಅಥವಾ ಕಾರ್ಡ್ ಸುಡುವಷ್ಟು ಬಿಸಿಯಾದರೆ ತಂತ್ರಾಂಶದಿಂದ ಆಗುವುದೇನಿಲ್ಲ. ಆಗ ಉಳಿಯುವ ದಾರಿ ಬೆಂಗಳೂರಿನಂಥ ನಗರಗಳ ಡೇಟಾ ರಿಕವರಿ ಲ್ಯಾಬ್. ಅಲ್ಲಿ ಕಾರ್ಡಿನ ಮೇಲ್ಪದರ ಕೆರೆದು, ಕೂದಲೆಳೆಯಂಥ ತಂತಿ ಬೆಸೆದು ಚಿಪ್ಪನ್ನು ನೇರವಾಗಿ ಓದುತ್ತಾರೆ. ಖರ್ಚು ಹೆಚ್ಚು. ಒಳಗಿನ ಚಿಪ್ಪೇ ಸೀಳಿದ್ದರೆ ಆಸೆ ಇಟ್ಟುಕೊಳ್ಳಬೇಡಿ.

ಅಂಗಡಿಗೆ ಕೊಡುವಾಗ ನೆನಪಿರಲಿ, ಅದರಲ್ಲಿ ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಇರುತ್ತವೆ. ಅದು ಅಮಾನತ್. ಕಾರ್ಡ್ ಬಿಟ್ಟು ಬರುವ ಬದಲು ಎದುರಿಗೇ ಕೂತು ಕೆಲಸ ಮಾಡಿಸಿ. ಮರಳಿ ಸಿಕ್ಕಿದ್ದನ್ನು ನಿಮ್ಮದೇ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಹಿಂಜರಿಯುವ ಅಂಗಡಿಯವನಿಗೆ ಕಾರ್ಡ್ ಕೊಡಬೇಡಿ.